ಇಪ್ಪತ್ತೊಂದು ತುಂಬದವರ ಜೊತೆ ಕೂರುವವರು ಯಾರು?

ಕ್ಯಾಸಿನೊ ಇರುವ ರೆಸಾರ್ಟಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂದು ಟೂರ್ ಏಜೆಂಟರನ್ನು ಕೇಳಿ ನೋಡಿ, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. “ಧಾರಾಳವಾಗಿ ಹೋಗಿ ಮೇಡಂ, ಮಕ್ಕಳಿಗೂ ಬೇಕಾದಷ್ಟಿದೆ.” ಮಾತು ಸುಳ್ಳಲ್ಲ. ಮಲೇಷ್ಯಾದ ಗೆಂಟಿಂಗ್ ಬೆಟ್ಟದ ಮೇಲೆ ಥೀಮ್ ಪಾರ್ಕ್ ಇದೆ. ಅಲ್ಲಿಗೆ ಹತ್ತುವ ಕೇಬಲ್ ಕಾರಿನಲ್ಲೇ ಮಕ್ಕಳ ಅರ್ಧ ಸಂಭ್ರಮ ಮುಗಿದಿರುತ್ತದೆ. ಸಿಂಗಪುರದ ಸೆಂಟೋಸಾದಲ್ಲಿ ಕ್ಯಾಸಿನೊ ಮತ್ತು ಯೂನಿವರ್ಸಲ್ ಸ್ಟುಡಿಯೋಸ್ ಎರಡೂ ಒಂದೇ ರೆಸಾರ್ಟಿನವು. ಲಾಸ್ ವೇಗಸ್‌ನಲ್ಲಂತೂ ಈಜುಕೊಳ, ಕಾರಂಜಿ, ಸರ್ಕಸ್ಸು, ರೋಲರ್ ಕೋಸ್ಟರ್ ಯಾವುದಕ್ಕೂ ಬರವಿಲ್ಲ. ಜೂಜಾಡಲು ಮಾತ್ರ 21 ವರ್ಷ ತುಂಬಿರಬೇಕು. ಅಷ್ಟೇ ತಾನೆ, ಮಕ್ಕಳು ಹೊರಗಿರಲಿ, ದೊಡ್ಡವರು ಒಳಗೆ ಹೋಗಿ ಬರಲಿ ಎನ್ನುವುದು ಎಲ್ಲರ ಲೆಕ್ಕ.

ಆದರೆ ಒಂಬತ್ತು ವರ್ಷದ ಮಗು ಒಂದೇ ಹೊರಗಿರುವುದಿಲ್ಲ. ಅದರ ಜೊತೆ ಯಾರಾದರೂ ಇರಲೇಬೇಕು. ವಯೋಮಿತಿಯ ಫಲಕದಲ್ಲಿ ಈ ಇನ್ನೊಬ್ಬರ ಪ್ರಸ್ತಾಪ ಇರುವುದಿಲ್ಲ. ಇಂಥ ಜಾಗಗಳಿಗೆ ಹೋಗಿ ಬಂದ ಮೇಲೆ ನನಗೆ ಆ ಫಲಕಕ್ಕಿಂತ ಈ ಇನ್ನೊಬ್ಬರ ಬಗ್ಗೆಯೇ ಹೆಚ್ಚು ಹೇಳಬೇಕೆನಿಸಿದೆ. ಬಹುಪಾಲು ಆ ಇನ್ನೊಬ್ಬರು ನಾನೇ ಆಗಿದ್ದೆ ಎನ್ನುವುದೂ ಒಂದು ಕಾರಣ.

ಮೊದಲು ನಿಯಮವನ್ನು ಹೇಳಿ ಮುಗಿಸುತ್ತೇನೆ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯ, ಸಿಂಗಪುರ, ಮಲೇಷ್ಯಾ, ನಮ್ಮ ಗೋವಾ, ಎಲ್ಲ ಕಡೆಯೂ 21. ಮಕಾವ್‌ನಲ್ಲಿ ಮೊದಲು 18 ಇತ್ತು, 2012ರ ನವೆಂಬರಿನಿಂದ ಅದೂ 21ಕ್ಕೆ ಏರಿತು. ಬ್ರಿಟನ್, ಆಸ್ಟ್ರೇಲಿಯಾ, ಮಾಂಟೆ ಕಾರ್ಲೊಗಳಲ್ಲಿ 18 ಸಾಕು. ಗೋವಾದಲ್ಲಿ ಹದಿನೆಂಟಕ್ಕೆ ಬಿಯರ್ ಕುಡಿಯಬಹುದು, ಓಟು ಹಾಕಬಹುದು, ಕಾರು ಓಡಿಸಬಹುದು. ಹುಡುಗಿಯಾದರೆ ಮದುವೆಯೂ ಆಗಬಹುದು. ರೂಲೆಟ್ ಚಕ್ರದ ಮುಂದೆ ನಿಲ್ಲಲು ಮಾತ್ರ ಇನ್ನೂ ಮೂರು ವರ್ಷ ಬುದ್ಧಿ ಬಲಿಯಬೇಕು. ಸಂಸಾರ ಹೂಡುವುದಕ್ಕಿಂತ ಇಸ್ಪೀಟಿನ ಮೇಜು ಅಪಾಯದ್ದು ಎಂದು ಸರ್ಕಾರಕ್ಕೆ ಅನ್ನಿಸಿರಬೇಕು. ಅನುಭವಸ್ಥರು ಏನನ್ನುತ್ತಾರೋ.

ಬೆಂಗಳೂರಿನಿಂದ ಹೊರಡುವ ಸಿಂಗಪುರ–ಮಲೇಷ್ಯಾ ಪ್ಯಾಕೇಜ್ ಪ್ರವಾಸಗಳಲ್ಲಿ ಗೆಂಟಿಂಗ್ ಒಂದು ಖಾಯಂ ನಿಲ್ದಾಣ. ಬೆಳಿಗ್ಗೆ ಬಾಟು ಗುಹೆಯ ಸುಬ್ರಹ್ಮಣ್ಯನಿಗೆ ಕೈಮುಗಿದು, ಮಧ್ಯಾಹ್ನ ಬೆಟ್ಟ ಹತ್ತುವುದು ವಾಡಿಕೆ. ನಾವೂ ಹಾಗೆಯೇ ಹತ್ತಿದೆವು. ಮೇಲೆ ಮಂಜು, ಮಾಲು, ಬಣ್ಣದ ದೀಪ, ಕಿವಿಗಡಚಿಕ್ಕುವ ಸಂಗೀತ. ಟೂರ್ ಮ್ಯಾನೇಜರು ವಾಪಸಾಗುವ ಹೊತ್ತು ಹೇಳಿ, ಕ್ಯಾಸಿನೊಗೆ ಹೋಗುವವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ ಎಂದರು. ಅಲ್ಲಿಯವರೆಗೆ ಒಂದೇ ಗುಂಪಾಗಿದ್ದ ನಾವು ಆ ಒಂದು ಮಾತಿಗೆ ಎರಡಾದೆವು. ಗಂಡಸರೆಲ್ಲ ಜೇಬು ಮುಟ್ಟಿಕೊಂಡರು. “ಒಂದು ಸುತ್ತು ನೋಡಿಕೊಂಡು ಬಂದುಬಿಡುತ್ತೇವೆ” ಎಂದರು. ಹೆಂಗಸರೆಲ್ಲ ಮಕ್ಕಳ ಸ್ವೆಟರ್ ಗುಂಡಿ ಹಾಕತೊಡಗಿದರು. ಯಾರೂ ಯಾರಿಗೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ.

ಗುಂಪಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದ. ಅಪ್ಪನಿಗಿಂತ ಒಂದು ಗೇಣು ಎತ್ತರ, ದಟ್ಟ ಗಡ್ಡ. ಅವನೂ ಗಂಡಸರ ಸಾಲಿನಲ್ಲೇ ನಡೆದ. ಬಾಗಿಲಲ್ಲಿ ಕಾವಲಿನವನು ಗಡ್ಡ ನೋಡಲಿಲ್ಲ, ಪಾಸ್‌ಪೋರ್ಟ್ ನೋಡಿದ. ಹುಡುಗನಿಗೆ ಹತ್ತೊಂಬತ್ತು. ಅಪ್ಪ ಒಂದು ಕ್ಷಣ ತಡೆದು ನಿಂತರು, ಮಗನ ಭುಜ ತಟ್ಟಿದರು, ಒಳಗೆ ಹೋದರು. ಹುಡುಗ ತಿರುಗಿ ಬಂದು ಫುಡ್‌ಕೋರ್ಟಿನಲ್ಲಿ ನಮ್ಮ ಪಕ್ಕ ಕುಳಿತ. ಹಾಸನದ ಟೀಚರೊಬ್ಬರು ಕೋಡುಬಳೆ ಡಬ್ಬಿ ತೆರೆದು ಅವನ ಮುಂದೆ ಸರಿಸಿದರು. ಅವನು ಮೊಬೈಲಿನಿಂದ ಕಣ್ಣೆತ್ತದೆ ಒಂದಾದ ಮೇಲೊಂದು ತಿಂದ. ಹೆಂಗಸರ ಜೊತೆ, ಚಿಕ್ಕ ಮಕ್ಕಳ ಜೊತೆ ಕೂರಬೇಕಾಯಿತಲ್ಲ ಎನ್ನುವುದು ಆ ಹುಡುಗನಿಗೆ ಕ್ಯಾಸಿನೊ ತಪ್ಪಿದ್ದಕ್ಕಿಂತ ದೊಡ್ಡ ಅವಮಾನವಾದಂತೆ ಕಂಡಿತು.

ಅವನ ಅಮ್ಮನಿಗೆ ನಾನು ಹೇಳಿದೆ, “ನೀವೂ ಹೋಗಿ ನೋಡಿಕೊಂಡು ಬನ್ನಿ, ಚಿಕ್ಕವಳನ್ನು ನಾನು ನೋಡಿಕೊಳ್ಳುತ್ತೇನೆ.” ಅವರು ನಕ್ಕು, “ಅಯ್ಯೋ, ನಾವು ಹೋಗಿ ಮಾಡುವುದೇನಿದೆ ಬಿಡಿ” ಎಂದರು. ಅವರಿಗೆ ಇಪ್ಪತ್ತೊಂದು ಎರಡು ಸಲ ತುಂಬಿ ಮೇಲೆ ಉಳಿದಿತ್ತು. ಬಾಗಿಲಲ್ಲಿ ಅವರನ್ನು ತಡೆಯುವವರು ಯಾರೂ ಇರಲಿಲ್ಲ; ಬಾಗಿಲವರೆಗೆ ಹೋಗುವ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಮಲೇಷ್ಯಾದಲ್ಲಿ ಮುಸ್ಲಿಮರಿಗೂ ಕ್ಯಾಸಿನೊ ಪ್ರವೇಶವಿಲ್ಲ. ಅದು ಕಾನೂನು ಹಾಕಿದ ತಡೆ. ನಮ್ಮ ಮೇಜಿನ ಸುತ್ತ ಕುಳಿತವರದು ಯಾವ ಕಾನೂನಿನಲ್ಲೂ ಬರೆಯದ ತಡೆ.

ಇಷ್ಟರಲ್ಲಿ ಮಕ್ಕಳು ಪಕ್ಕದ ಆಟದ ಯಂತ್ರಗಳ ಅಂಗಡಿ ಹೊಕ್ಕಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಬೊಂಬೆಗಳ ರಾಶಿ, ಮೇಲಿಂದ ಇಳಿಯುವ ಕಬ್ಬಿಣದ ಕೈ. ಕೈ ಬೊಂಬೆಯ ಕಿವಿ ಹಿಡಿಯುತ್ತದೆ, ಎತ್ತುತ್ತದೆ, ಇನ್ನೇನು ಬಂತು ಎನ್ನುವಾಗ ಬಿಡುತ್ತದೆ. ನನ್ನ ಮಗಳು ಗಾಜಿಗೆ ಮೂಗು ಒತ್ತಿ ನಿಂತು, “ಅಮ್ಮ, ಇನ್ನೊಂದೇ ಒಂದು ಸಲ” ಎನ್ನುತ್ತಿದ್ದಳು. ಅಲ್ಲಿ ವಯಸ್ಸು ಕೇಳುವವರು ಯಾರೂ ಇರಲಿಲ್ಲ. ಗಂಡಸರು ಒಳಗಿನಿಂದ ಬಂದಾಗ ಎಷ್ಟು ಹೋಯಿತು ಎಂದು ಕೇಳಿದೆವು. “ಏನೋ ಸ್ವಲ್ಪ” ಎಂದರು. ಬೊಂಬೆಯ ಪೆಟ್ಟಿಗೆ ನುಂಗಿದ್ದು ಎಷ್ಟೆಂದು ಅವರೂ ಕೇಳಿದರು. ನಾವೂ ಸ್ವಲ್ಪವೆಂದೇ ಹೇಳಿದೆವು.

ನಮ್ಮವರಿಗೆ ಈ ಏರ್ಪಾಡು ಹೊಸದೇನಲ್ಲ. ಹಿಂದೆ ಮದುವೆಯ ಹಿಂದಿನ ರಾತ್ರಿ ಛತ್ರದ ಮಹಡಿಯ ಮೇಲೆ ಇಸ್ಪೀಟಿನ ಆಟ ಕಟ್ಟುತ್ತಿತ್ತು. ಜಮಖಾನೆ ಹಾಸಿ, ನಡುವೆ ಚಿಲ್ಲರೆ ಗುಡ್ಡೆ ಹಾಕಿ, ದೊಡ್ಡಪ್ಪಂದಿರು, ಮಾವಂದಿರು ಬೆಳಗಿನ ನಾದಸ್ವರದವರೆಗೆ ಆಡುತ್ತಿದ್ದರು. ಹುಡುಗರು ಎಲೆ ಮುಟ್ಟುವಂತಿರಲಿಲ್ಲ. ಕಾಫಿ ತರಬಹುದಿತ್ತು, ನಶ್ಯದ ಡಬ್ಬಿ ಹುಡುಕಿಕೊಡಬಹುದಿತ್ತು, ಗೆದ್ದವರು ಎಸೆದ ನಾಲ್ಕಾಣೆ ಹಿಡಿದುಕೊಳ್ಳಬಹುದಿತ್ತು. ಹೆಣ್ಣುಮಕ್ಕಳು ಕೆಳಗೆ ಹೂ ಕಟ್ಟುತ್ತ ಕೂರಬೇಕಿತ್ತು. ಆಟಕ್ಕೆ ವಯಸ್ಸಿತ್ತು, ಆಟದ ಕೋಣೆಗೆ ಇರಲಿಲ್ಲ. ನಮ್ಮ ಬಂಧುಬಳಗದಲ್ಲಿ ಇಸ್ಪೀಟಿಗೆ ಮನೆ ಕಳೆದುಕೊಂಡವರೊಬ್ಬರು ಎಲೆ ಕಲಸುವುದನ್ನು ಕಲಿತದ್ದು ಹಾಗೆ ಕಾಫಿ ತರುತ್ತಲೇ.

ಲಾಸ್ ವೇಗಸ್ ಆ ಛತ್ರದ ಮಹಡಿಯನ್ನೇ ದೊಡ್ಡದು ಮಾಡಿದಂತೆ ನನಗೆ ಕಂಡಿತು. ನೆವಾಡಾದ ಕಾನೂನು ಏನು ಹೇಳುತ್ತದೆ ಎನ್ನುವುದನ್ನು ಗಮನವಿಟ್ಟು ಓದಬೇಕು. 21 ತುಂಬದವರು ಜೂಜಾಡುವಂತಿಲ್ಲ, ಜೂಜು ನಡೆಯುವ ಜಾಗದಲ್ಲಿ ಸುಮ್ಮನೆ ಸುಳಿದಾಡುತ್ತ ನಿಲ್ಲುವಂತೆಯೂ ಇಲ್ಲ. ಆದರೆ ದೊಡ್ಡವರ ಜೊತೆ ಆ ಜಾಗವನ್ನು ಹಾದು ಹೋಗಬಹುದು. ಹಾದುಹೋಗದೆ ಬೇರೆ ದಾರಿಯೂ ಇಲ್ಲವೆನ್ನಿ. ಅಲ್ಲಿನ ದೊಡ್ಡ ಹೋಟೆಲುಗಳನ್ನು ಕಟ್ಟಿದ ರೀತಿಯೇ ಹಾಗೆ. ಬಾಗಿಲಿಂದ ಲಿಫ್ಟಿಗೆ, ಲಿಫ್ಟಿನಿಂದ ಊಟದ ಮನೆಗೆ, ಊಟದ ಮನೆಯಿಂದ ಈಜುಕೊಳಕ್ಕೆ ಎಲ್ಲಿ ಹೋಗುವುದಿದ್ದರೂ ಹಣ ಹಾಕಿ ಆಡುವ ಸ್ಲಾಟ್ ಯಂತ್ರಗಳ ನಡುವಿನ ದಾರಿಯೇ ದಾರಿ. ನಡೆಯುವ ದಾರಿಗೆ ಒಂದು ಬಗೆಯ ಹಾಸು, ಯಂತ್ರಗಳಿರುವಲ್ಲಿ ಇನ್ನೊಂದು ಬಗೆಯ ಕಾರ್ಪೆಟ್. ಮಗು ಕಾರ್ಪೆಟ್ ತುಳಿಯಬಾರದು. ಬೇಲಿಯಿಲ್ಲ, ಹಗ್ಗವಿಲ್ಲ. ಹೊಗೆಗಂತೂ ಹಾಸು ಯಾವುದು ಕಾರ್ಪೆಟ್ ಯಾವುದು ಎಂದು ತಿಳಿಯುವುದಿಲ್ಲ. ಒಳಾಂಗಣದಲ್ಲಿ ಸಿಗರೇಟು ನಿಷೇಧಿಸುವ ಕಾಯ್ದೆಗೆ 2006ರಲ್ಲಿ ನೆವಾಡಾದ ಜನ ಮತ ಹಾಕಿದಾಗಲೂ ಕ್ಯಾಸಿನೊ ಅಂಗಳಕ್ಕೆ ಅದರಲ್ಲಿ ವಿನಾಯಿತಿ ಇತ್ತು.

ಅಮೆರಿಕದಲ್ಲಿರುವ ನನ್ನ ಮೈದುನನ ಮನೆಗೆ ಹೋದಾಗ ಅವನು ನಮ್ಮನ್ನು ಅಲ್ಲಿಗೆ ಕರೆದೊಯ್ದ. ಜೊತೆಯಲ್ಲಿ ಅತ್ತೆ ಇದ್ದರು. ಎಪ್ಪತ್ತು ದಾಟಿದ ಅವರಿಗೆ ಮಂಡಿನೋವು. ಕೋಣೆ ಸಿಗುವುದು ತಡವಾಯಿತು, ಗಂಡಸರು ಸಾಲಿನಲ್ಲಿ ನಿಂತರು. ಅತ್ತೆ ಸುತ್ತ ನೋಡಿದರು. ಅಷ್ಟು ದೊಡ್ಡ ಅಂಗಳದಲ್ಲಿ ಒಂದು ಬೆಂಚು ಇರಲಿಲ್ಲ. ಕುರ್ಚಿಗಳಿದ್ದದ್ದು ಸ್ಲಾಟ್ ಯಂತ್ರಗಳ ಮುಂದೆ ಮಾತ್ರ, ಮೆತ್ತಗಿನ, ಬೆನ್ನಿಗೆ ಆಸರೆಯಿರುವ ಒಳ್ಳೆಯ ಕುರ್ಚಿಗಳು. ಅತ್ತೆ ಒಂದರ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಮಗಳು ಅಜ್ಜಿಯ ಕೈಹಿಡಿದು ಪಕ್ಕದಲ್ಲಿ ನಿಂತಳು. ಯಂತ್ರದ ಪರದೆಯ ಮೇಲೆ ಚಿನ್ನದ ಎಮ್ಮೆಗಳು ಓಡುತ್ತಿದ್ದವು. ಅವಳ ಕಣ್ಣು ಅಲ್ಲೇ ಇತ್ತು.

ಅರೆಗಳಿಗೆಯಲ್ಲಿ ಸಮವಸ್ತ್ರ ತೊಟ್ಟವನೊಬ್ಬ ಬಂದ. ಬಹಳ ಸೌಜನ್ಯದ ಮನುಷ್ಯ. ಅಜ್ಜಿ ಕೂರಬಹುದು, ಮಗು ಇಲ್ಲಿ ನಿಲ್ಲಬಾರದು ಎಂದು ನನಗೆ ತಿಳಿಸಿದ. ಅಜ್ಜಿಗೆ ಆಡುವ ಆಸೆಯಿಲ್ಲ, ಕಾಲು ನೋವು ಅಷ್ಟೇ ಎಂದೆ. ಅವನು ತಲೆಯಾಡಿಸಿ ಮತ್ತೆ ಅದನ್ನೇ ಹೇಳಿದ. ಅವನ ತಪ್ಪೇನೂ ಇರಲಿಲ್ಲ. ಮಗು ನಿಂತದ್ದು ಯಾರ ಕಣ್ಣಿಗಾದರೂ ಬಿದ್ದರೆ ಹೋಟೆಲಿನ ಪರವಾನಗಿಗೆ ತೊಂದರೆ. ಜೂಜಾಡಲು ಸಂಪೂರ್ಣ ಅರ್ಹರಾದ, ಜೂಜಿನ ಗಂಧವೇ ಇಲ್ಲದ ಎಪ್ಪತ್ತರ ಹೆಂಗಸು ಒಬ್ಬಂಟಿಯಾಗಿ ಕೂರಬಹುದು, ಮೊಮ್ಮಗಳ ಕೈಹಿಡಿದು ಕೂರುವಂತಿಲ್ಲ. ಅತ್ತೆ ಎದ್ದರು. “ಕೂತು ಸುಧಾರಿಸಿಕೊಳ್ಳುವುದಕ್ಕೂ ಇಲ್ಲಿ ವಯಸ್ಸು ಕೇಳುತ್ತಾರಲ್ಲೇ” ಎಂದು ನನಗೆ ಹೇಳುತ್ತ, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ನಡೆದರು. ಮಗಳು ತಿರುಗಿ ತಿರುಗಿ ಎಮ್ಮೆಗಳನ್ನು ನೋಡುತ್ತಿದ್ದಳು.

ಅವಳ ವಯಸ್ಸಿನ ಮಕ್ಕಳು ತಿರುಗಿ ನೋಡಲಿ ಎಂದು ಆ ಊರು ಒಂದು ಕಾಲದಲ್ಲಿ ಬಹಳ ಶ್ರಮಪಟ್ಟಿತ್ತು. 1968ರಲ್ಲಿ ಜೇ ಸಾರ್ನೊ ಎಂಬ ಉದ್ಯಮಿ ಸರ್ಕಸ್ ಸರ್ಕಸ್ ಎಂಬ ಕ್ಯಾಸಿನೊ ತೆರೆದ. ಎರಡು ವರ್ಷ ಮೊದಲು ಸೀಸರ್ಸ್ ಪ್ಯಾಲೇಸ್ ಕಟ್ಟಿದವನೂ ಇವನೇ. ಡೇರೆಯ ಆಕಾರದ ಕಟ್ಟಡ, ಕೆಳಗೆ ಜೂಜಿನ ಅಂಗಳ, ಮೇಲಿನ ಅಂತಸ್ತಿನಲ್ಲಿ ಜಾತ್ರೆಯ ಆಟಗಳು, ತಲೆಯ ಮೇಲೆ ಜೋಕಾಲಿಯಲ್ಲಿ ಹಾರುವ ಸರ್ಕಸ್ ಕಲಾವಿದರು. ಕೆಳಗೆ ಇಸ್ಪೀಟು ಆಡುವವರ ನೆತ್ತಿಯ ಮೇಲೆ ಮನುಷ್ಯರು ಲಾಗ ಹಾಕುತ್ತಿದ್ದರೆ ಆಟದಲ್ಲಿ ಮನಸ್ಸು ನಿಲ್ಲುವುದಾದರೂ ಹೇಗೆ? ಸಾರ್ನೊ ಕಾಲದಲ್ಲಿ ಅದು ಹಣ ಮಾಡಲಿಲ್ಲ. 1974ರಲ್ಲಿ ವಿಲಿಯಂ ಬೆನೆಟ್ ಮತ್ತು ವಿಲಿಯಂ ಪೆನಿಂಗ್ಟನ್ ಅದನ್ನು ವಹಿಸಿಕೊಂಡ ಮೇಲೆ ದಾರಿ ಸಿಕ್ಕಿತು. ದೊಡ್ಡ ಜೂಜುಕೋರರನ್ನು ಬಿಟ್ಟು, ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಬರುವ ಮಧ್ಯಮವರ್ಗದವರಿಗೆ ಅಗ್ಗದ ಕೋಣೆ, ಅಗ್ಗದ ಊಟ ಕೊಟ್ಟರು. ಮಕ್ಕಳು ಮೇಲೆ, ಅಪ್ಪ ಅಮ್ಮ ಕೆಳಗೆ. ಇಂದಿಗೂ ಅಲ್ಲಿ ಮೇಲಿನ ಅಂತಸ್ತಿನಲ್ಲಿ ಚೆಂಡೆಸೆದು ಬೊಂಬೆ ಗೆಲ್ಲುವ ಆಟಗಳು ನಡೆಯುತ್ತವೆ, ಕಟಕಟೆ ಹಿಡಿದು ಬಗ್ಗಿದರೆ ಕೆಳಗಿನ ಜೂಜಿನ ಅಂಗಳ ಕಾಣುತ್ತದೆ.

ಬೆನೆಟ್ ಹಾಕಿದ ದಾರಿಯಲ್ಲಿ 1990ರ ದಶಕದಲ್ಲಿ ಇಡೀ ಊರೇ ನಡೆಯಿತು. 1990ರಲ್ಲಿ ಕೋಟೆಯ ಆಕಾರದ ಎಕ್ಸ್‌ಕ್ಯಾಲಿಬರ್ ಬಂತು. 1993 ಒಂದೇ ವರ್ಷದಲ್ಲಿ ಪಿರಮಿಡ್ಡಿನ ಲಕ್ಸರ್, ರಸ್ತೆಬದಿಯಲ್ಲೇ ಕಡಲ್ಗಳ್ಳರ ಹಡಗಿನ ಯುದ್ಧ ತೋರಿಸುವ ಟ್ರೆಷರ್ ಐಲೆಂಡ್, ಬೆನ್ನಿಗೆ ಸ್ವಂತ ಥೀಮ್ ಪಾರ್ಕ್ ಕಟ್ಟಿಕೊಂಡ ಎಂಜಿಎಂ ಗ್ರ್ಯಾಂಡ್ ಎಲ್ಲ ಬಾಗಿಲು ತೆರೆದವು. ಲಾಸ್ ವೇಗಸ್ ಎಂದರೆ ಇನ್ನು ಸಂಸಾರಸ್ಥರ ಊರು ಎಂದು ಪತ್ರಿಕೆಗಳು ಬರೆದವು. ಹತ್ತು ವರ್ಷ ತುಂಬುವುದರೊಳಗೆ ಗಾಳಿ ತಿರುಗಿತು. ಥೀಮ್ ಪಾರ್ಕ್ ಮುಚ್ಚಿತು. ಕಡಲ್ಗಳ್ಳರ ಜಾಗಕ್ಕೆ 2003ರಲ್ಲಿ ತುಂಡುಬಟ್ಟೆಯ ನರ್ತಕಿಯರು ಬಂದರು. ಇಲ್ಲಿ ನಡೆದದ್ದು ಇಲ್ಲೇ ಉಳಿಯುತ್ತದೆ ಎನ್ನುವ ಪ್ರಸಿದ್ಧ ಜಾಹೀರಾತು ಶುರುವಾದದ್ದೂ ಅದೇ ವರ್ಷ. ಅದು ಮಕ್ಕಳಿರುವವರಿಗೆ ಹೇಳುವ ಮಾತಲ್ಲ ಎಂದು ಬೇರೆ ವಿವರಿಸಬೇಕಿಲ್ಲ. 1998ರಲ್ಲಿ ತೆರೆದ ಬೆಲ್ಲಾಜಿಯೊ ಅದಕ್ಕೂ ಮೊದಲೇ ಸ್ಪಷ್ಟವಾಗಿತ್ತು. ಅಲ್ಲಿ ಕೋಣೆ ಹಿಡಿದವರ ಮಕ್ಕಳನ್ನು ಬಿಟ್ಟು 18 ತುಂಬದ ಬೇರೆ ಯಾರೂ ಒಳಗೇ ಬರುವಂತಿರಲಿಲ್ಲ. ನನಗೆ ಆ ನಿಷ್ಠುರವೇ ಹೆಚ್ಚು ಪ್ರಾಮಾಣಿಕ ಎನ್ನಿಸುತ್ತದೆ. ಬೇಡ ಎಂದರೆ ಬೇಡ, ಸರಿ. ಬಾ ಎಂದು ಕರೆದು, ನಿಲ್ಲಬೇಡ ಎನ್ನುವುದಕ್ಕಿಂತ ವಾಸಿ.

ವಯೋಮಿತಿಯನ್ನು ಯಾರು, ಯಾವಾಗ ನೆನಪಿಸಿಕೊಳ್ಳುತ್ತಾರೆ ಎನ್ನುವುದಕ್ಕೆ ಒಂದು ಮೊಕದ್ದಮೆಯಿದೆ. 1987ರಲ್ಲಿ ಆರ್ಕನ್ಸಾದಿಂದ ಬಂದಿದ್ದ ಯುವಕನೊಬ್ಬ ಸೀಸರ್ಸ್ ಪ್ಯಾಲೇಸ್‌ನ ಸ್ಲಾಟ್ ಯಂತ್ರದಲ್ಲಿ ಹತ್ತು ಲಕ್ಷ ಡಾಲರಿಗೂ ಮೇಲ್ಪಟ್ಟ ಬಹುಮಾನ ಹೊಡೆದ. ಗಂಟೆ ಬಾರಿಸಿತು, ದೀಪ ಮಿನುಗಿತು, ಸಿಬ್ಬಂದಿ ಓಡಿ ಬಂದರು, ಗುರುತಿನ ಚೀಟಿ ಕೇಳಿದರು. ಹತ್ತೊಂಬತ್ತು. ಹಣ ಕೊಡಲಿಲ್ಲ. ಪ್ರಕರಣ ಅಮೆರಿಕದ ಒಕ್ಕೂಟ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ, 1991ರಲ್ಲಿ ತೀರ್ಪು ಕ್ಯಾಸಿನೊ ಪರವಾಗಿಯೇ ಬಂತು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸರಿಯೇ ಇರಬಹುದು. ವಯಸ್ಸು ತುಂಬದವನಿಗೆ ಗೆದ್ದ ಹಣ ಕೊಟ್ಟರೆ ನಿಯಮಕ್ಕೆ ಅರ್ಥವೇನು? ಆದರೂ ಗಮನಿಸಿ: ನಾಣ್ಯ ಹಾಕುವಾಗ ಯಾರಿಗೂ ಸಂಶಯ ಬರಲಿಲ್ಲ. ಅವನು ಸೋತು ಎದ್ದು ಹೋಗಿದ್ದರೆ ಅವನ ವಯಸ್ಸು ಎಷ್ಟೆಂದು ಜಗತ್ತಿಗೆ ತಿಳಿಯುತ್ತಲೇ ಇರಲಿಲ್ಲ. ಗೆಂಟಿಂಗ್‌ನ ನಮ್ಮ ಗಡ್ಡದ ಹುಡುಗನಿಗೆ ಬಾಗಿಲಲ್ಲೇ ಮುಖಭಂಗವಾಯಿತು. ಹೋಲಿಸಿ ನೋಡಿದರೆ ಅವನೇ ಪುಣ್ಯವಂತ.

ಇನ್ನೊಂದು ಪ್ರಸಂಗವನ್ನು ಬರೆಯಲು ಕೈ ಹಿಂಜರಿಯುತ್ತದೆ, ಬಿಡುವಂತೆಯೂ ಇಲ್ಲ. ಲಾಸ್ ಏಂಜಲಿಸ್‌ನಿಂದ ಲಾಸ್ ವೇಗಸ್‌ಗೆ ಕಾರಿನಲ್ಲಿ ಹೋದರೆ ನೆವಾಡಾ ಗಡಿ ದಾಟಿದ ಕೂಡಲೇ ಪ್ರಿಮ್ ಎಂಬ ಜಾಗ ಸಿಗುತ್ತದೆ. 1990ರ ದಶಕದಲ್ಲಿ ಅಲ್ಲಿ ಮರುಭೂಮಿಯ ನಡುವೆ ಹೆದ್ದಾರಿಯ ಪಕ್ಕ ಕ್ಯಾಸಿನೊಗಳು, ಒಂದು ರೋಲರ್ ಕೋಸ್ಟರ್ ಇದ್ದವು. 1997ರ ಮೇ ತಿಂಗಳಲ್ಲಿ ಅಲ್ಲಿನ ಒಂದು ಕ್ಯಾಸಿನೊದಲ್ಲಿ ತಂದೆ ರಾತ್ರಿಯಿಡೀ ಆಡುತ್ತಿದ್ದಾಗ ಮಕ್ಕಳು ವಿಡಿಯೊ ಆಟಗಳ ಅಂಗಳದಲ್ಲಿದ್ದರು. ನಸುಕಿನಲ್ಲಿ ಏಳು ವರ್ಷದ ಮಗಳು ಶೌಚಾಲಯದಲ್ಲಿ ಕೊಲೆಯಾದಳು. ಕೊಂದವನ ಗೆಳೆಯ ಆರಂಭದಲ್ಲಿ ಅಲ್ಲಿದ್ದು ನೋಡಿಯೂ ಹೊರಟುಹೋಗಿದ್ದ, ಯಾರಿಗೂ ತಿಳಿಸಲಿಲ್ಲ. ಮಕ್ಕಳ ಮೇಲಿನ ಇಂಥ ಅಪರಾಧವನ್ನು ಕಂಡವರು ಪೊಲೀಸರಿಗೆ ತಿಳಿಸಲೇಬೇಕೆಂದು ನೆವಾಡಾ ಕಾನೂನು ತಂದದ್ದು ಆ ಬಳಿಕ. ಕೊಲೆಯಾದಾಗ ಆ ಮಗು ಜೂಜಿನ ಅಂಗಳದಲ್ಲಿರಲಿಲ್ಲ. ವಯೋಮಿತಿ ಅವಳನ್ನು ಎಲ್ಲಿರಬೇಕೆಂದು ಬಯಸಿತ್ತೋ ಅಲ್ಲೇ ಅವಳು ಇದ್ದಳು.

ಪೆನ್ಸಿಲ್ವೇನಿಯಾದ ಜೂಜು ನಿಯಂತ್ರಣ ಮಂಡಳಿ ಈಚಿನ ವರ್ಷಗಳಲ್ಲಿ ಹಿಡಿದಿರುವ ಹಾದಿ ನನಗೆ ಅದಕ್ಕೇ ಹಿಡಿಸಿತು. ಮಕ್ಕಳನ್ನು ಕಾರಿನಲ್ಲೋ ಹೋಟೆಲ್ ಕೋಣೆಯಲ್ಲೋ ಬಿಟ್ಟು ಜೂಜಿಗೆ ಬರುವ ದೊಡ್ಡವರ ಹೆಸರನ್ನು ಮಂಡಳಿ ಬಹಿಷ್ಕಾರದ ಪಟ್ಟಿಗೆ ಸೇರಿಸುತ್ತದೆ, ಆಮೇಲೆ ಅವರು ಆ ರಾಜ್ಯದ ಯಾವ ಕ್ಯಾಸಿನೊಗೂ ಕಾಲಿಡುವಂತಿಲ್ಲ. ಮಗುವಿಗೆ ಬಾಗಿಲು ಹಾಕುವುದರ ಜೊತೆಗೆ, ಮಗುವನ್ನು ಬಿಟ್ಟು ಬಂದವರಿಗೂ ಬಾಗಿಲು ಹಾಕುವುದು. ಕಾಯ್ದೆಯ ಕಣ್ಣು ಕೊನೆಗೂ ಆ ಇನ್ನೊಬ್ಬರ ಮೇಲೆ ಬಿದ್ದಿದೆ.

ಸಿಂಗಪುರದವರು ಇದನ್ನು ಇನ್ನೂ ಮುಂದಕ್ಕೆ ಯೋಚಿಸಿದ್ದಾರೆ. ಅಲ್ಲಿ ಕ್ಯಾಸಿನೊ ಬೇಕೇ ಬೇಡವೇ ಎಂದು ದೊಡ್ಡ ಚರ್ಚೆ ನಡೆದು, 2005ರಲ್ಲಿ ಪ್ರಧಾನಿ ಲೀ ಸೀನ್ ಲೂಂಗ್ ಸಂಸತ್ತಿನಲ್ಲಿ ಒಪ್ಪಿಗೆ ಘೋಷಿಸಿದರು. 2010ರಲ್ಲಿ ಸೆಂಟೋಸಾದ್ದೂ ಮರೀನಾ ಬೇ ಸ್ಯಾಂಡ್ಸ್‌ನದೂ ಒಂದರ ಹಿಂದೊಂದು ತೆರೆದವು. ಅಲ್ಲಿ ಕ್ಯಾಸಿನೊ ರೆಸಾರ್ಟಿನ ನಡುಮನೆಯಲ್ಲ. ಒಂದು ಬದಿಯಲ್ಲಿ ಬೇರೆ ಬಾಗಿಲು, ಬಾಗಿಲಲ್ಲಿ ತಪಾಸಣೆ. ಮಕ್ಕಳು ಮಾಲು ಸುತ್ತಿ, ಮೇಲಿನ ಮಹಡಿ ಹತ್ತಿ, ಊಟ ಮಾಡಿ ಮಲಗುವವರೆಗೆ ಒಂದು ಸ್ಲಾಟ್ ಯಂತ್ರವನ್ನೂ ಕಾಣದೆ ಇರಬಹುದು. ಇನ್ನು ತಮ್ಮ ಪ್ರಜೆಗಳಿಗೆ ಪ್ರವೇಶ ಶುಲ್ಕ: ಮೊದಲು ದಿನಕ್ಕೆ 100 ಸಿಂಗಪುರ ಡಾಲರ್ ಇತ್ತು, 2019ರಿಂದ 150. ವರ್ಷಕ್ಕಾದರೆ 3,000. ಖಾಯಂ ನಿವಾಸಿಗಳಿಗೂ ಇದೇ. ಹಾಗಾಗಿ ಅಲ್ಲೇ ನೆಲೆಸಿ ಖಾಯಂ ನಿವಾಸಿಯಾದ ಮೈಸೂರಿನವನು ಬಾಗಿಲಲ್ಲಿ ಹಣ ಕಟ್ಟಬೇಕು, ಅವನ ಮನೆಗೆ ಬಂದ ನೆಂಟ ಪಾಸ್‌ಪೋರ್ಟ್ ತೋರಿಸಿ ಪುಕ್ಕಟೆ ಒಳಗೆ ಹೋಗಬಹುದು.

ನನಗೆ ಬಹಳ ಮುಖ್ಯವೆನಿಸಿದ್ದು ಕುಟುಂಬದವರು ಕೋರಬಹುದಾದ ಬಹಿಷ್ಕಾರದ ಆದೇಶ. ಮನೆಯಲ್ಲೊಬ್ಬರ ಜೂಜಿನಿಂದ ತೊಂದರೆಯಾಗಿದ್ದರೆ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ಅಥವಾ ಒಡಹುಟ್ಟಿದವರು ಜೂಜಿನ ಸಮಸ್ಯೆ ಕುರಿತ ಅಲ್ಲಿನ ರಾಷ್ಟ್ರೀಯ ಮಂಡಳಿಗೆ ಅರ್ಜಿ ಹಾಕಬಹುದು. ಮಂಡಳಿಯವರು ಎರಡೂ ಕಡೆಯವರನ್ನು ವಿಚಾರಿಸಿ ಆದೇಶ ಹೊರಡಿಸಿದರೆ ಆ ವ್ಯಕ್ತಿಗೆ ಕ್ಯಾಸಿನೊ ಬಾಗಿಲು ಮುಚ್ಚಿತು. ಸರ್ಕಾರದ ಸಹಾಯಧನದಲ್ಲಿ ಬದುಕುವವರಿಗೆ, ದಿವಾಳಿಯಾದವರಿಗೆ ಅರ್ಜಿಯೇ ಬೇಡ, ತಾನಾಗಿಯೇ ನಿಷೇಧ. ಹೊರಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಹೆಂಗಸಿಗೆ ಒಳಗೆ ಏನು ನಡೆಯಬೇಕೆಂಬುದರಲ್ಲಿ ಒಂದು ಮಾತು ಇರುವ ಜಾಗವನ್ನು ನಾನು ಕೇಳಿದ್ದು ಅದೊಂದೇ. ದೇಶವೇ ಮನೆಯ ಹಿರಿಯನ ಪಾತ್ರ ವಹಿಸುವುದು ಕೆಲವರಿಗೆ ಅತಿಯಾಗಿ ಕಾಣಬಹುದು. ಜೂಜಿನ ಗಂಡನ ಜೊತೆ ಬಾಳಿದವರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಗೋವಾದ ವಿಷಯ ನಮಗೆ ಹತ್ತಿರದ್ದು. ಬೆಳಗಾವಿಯವರಿಗೆ ಚೋರ್ಲಾ ಘಾಟಿ ಇಳಿದರೆ ಪಣಜಿ. ವಾರಾಂತ್ಯದಲ್ಲಿ ಮಾಂಡೋವಿ ನದಿಯ ದಂಡೆಯಲ್ಲಿ ಕೆಎ ನಂಬರಿನ ಕಾರುಗಳು ಸಾಲುಗಟ್ಟಿರುತ್ತವೆ. ನದಿಯಲ್ಲಿ ಲಂಗರು ಹಾಕಿದ ಹಡಗುಗಳಲ್ಲಿ ಕ್ಯಾಸಿನೊ. ದಂಡೆಯಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. 1976ರ ಗೋವಾ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಂದ ತಿದ್ದುಪಡಿಗಳಿಂದ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜು, ನೀರಿನ ಮೇಲೆ ಮೇಜಿನ ಜೂಜು ಸಾಧ್ಯವಾಯಿತು. 2020ರ ಫೆಬ್ರವರಿಯಿಂದ ಗೋವಾದವರಿಗೇ ಅಲ್ಲಿ ಪ್ರವೇಶವಿಲ್ಲ. ತಮ್ಮ ಮಕ್ಕಳಷ್ಟೇ ಅಲ್ಲ, ತಮ್ಮ ಜನರೆಲ್ಲ ದೂರವಿರಲಿ, ಹೊರಗಿನವರು ಬಂದು ಆಡಲಿ ಎನ್ನುವ ನೀತಿ. ಹೊರಗಿನವರು ಎಂದರೆ ಹೆಚ್ಚಿನಂಶ ನಾವು, ಮತ್ತು ಮಹಾರಾಷ್ಟ್ರ, ಗುಜರಾತಿನವರು. ಕೆಲವು ಹಡಗುಗಳು ಮಕ್ಕಳಿಗೆಂದೇ ಪ್ರತ್ಯೇಕ ಆಟದ ಕೋಣೆ ಇಟ್ಟಿವೆ. ಅಪ್ಪ ಅಮ್ಮ ಇಬ್ಬರೂ ಮೇಜಿನ ಮುಂದೆ ಕೂರಬಹುದು, ಮಗುವನ್ನು ಸಂಬಳದವರು ನೋಡಿಕೊಳ್ಳುತ್ತಾರೆ. ಹೊರಗೆ ಕೂರುವ ಹೆಂಗಸಿನ ಪ್ರಶ್ನೆಗೆ ಇದೂ ಒಂದು ಉತ್ತರ ಹೌದು. ಯಾಕೋ ನನಗೆ ಇದರಿಂದ ಸಮಾಧಾನವಾಗಲಿಲ್ಲ. ನಡುರಾತ್ರಿಯಲ್ಲಿ, ನದಿಯ ನಡುವೆ, ನಿದ್ದೆಗಣ್ಣಿನ ಮಗುವೊಂದು ಅಪರಿಚಿತರ ಪಕ್ಕದಲ್ಲಿ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುತ್ತ ಕೂರುವುದು ಯಾರ ಅನುಕೂಲಕ್ಕೆ?

ಹಾಗಾದರೆ ಹೋಗಲೇಬಾರದೇ ಎಂದು ಕೇಳಿದರೆ, ನಾವು ಹೋಗುವುದನ್ನು ಬಿಟ್ಟಿಲ್ಲ. ಲಾಸ್ ವೇಗಸ್‌ನಲ್ಲೇ ಕ್ಯಾಸಿನೊ ಇಲ್ಲದ ಹೋಟೆಲುಗಳಿವೆ. ವಿಡಾರಾ ಒಂದು, ಮ್ಯಾಂಡಲೇ ಬೇ ಕಟ್ಟಡದ ಮೇಲಿನ ಅಂತಸ್ತುಗಳಲ್ಲಿರುವ ಫೋರ್ ಸೀಸನ್ಸ್ ಇನ್ನೊಂದು. ಪಾರ್ಕ್ ಎಂಜಿಎಂನಲ್ಲಿ ಕ್ಯಾಸಿನೊ ಇದ್ದರೂ 2020ರಿಂದ ಸಿಗರೇಟಿಲ್ಲ. ಕಾಲೇಜಿಗೆ ಹೋಗುವ ಮಕ್ಕಳು ಗೆಳೆಯರ ಜೊತೆ ತಾವೇ ಹೊರಟರೆ, ಕೋಣೆ ಹಿಡಿಯಲೂ ಅಲ್ಲಿ ಬಹುತೇಕ ಕಡೆ 21 ಆಗಿರಬೇಕು ಎನ್ನುವುದನ್ನು ಮೊದಲೇ ಹೇಳಿಬಿಡಿ. ಕ್ಯಾಸಿನೊ ಬಾಗಿಲಲ್ಲಿ ಮೊಬೈಲಿನಲ್ಲಿರುವ ಪಾಸ್‌ಪೋರ್ಟ್ ಫೋಟೊ ನಡೆಯುತ್ತದೆ ಎಂದುಕೊಂಡು ಹೋಗಬೇಡಿ, ಅಸಲನ್ನೇ ಒಯ್ಯಿರಿ. ಮಂಡಿನೋವಿನ ಹಿರಿಯರಿದ್ದರೆ ಕೋಣೆ ಕೈಗೆ ಬರುವವರೆಗೆ ಅವರನ್ನೂ ಮಕ್ಕಳನ್ನೂ ಹೊರಗೆ ಕಾಫಿ ಅಂಗಡಿಯಲ್ಲಿ ಕೂರಿಸಿ.

ನಮ್ಮ ಮನೆಯಲ್ಲಿ ಈಗ ಒಂದು ಒಪ್ಪಂದವಿದೆ. ಹೊರಡುವ ಮೊದಲೇ ಯಾರು ಯಾವ ಸಂಜೆ ಮಕ್ಕಳ ಜೊತೆ ಇರುವುದು ಎಂದು ಗೊತ್ತುಮಾಡುತ್ತೇವೆ. ಒಳಗೆ ಹೋಗುವವರಿಗೆ ಎಷ್ಟು ಹಣವೋ ಹೊರಗೆ ಇರುವವರಿಗೂ ಅಷ್ಟೇ, ಲೆಕ್ಕ ಕೇಳುವಂತಿಲ್ಲ. ಈ ಸೂತ್ರ ನನ್ನದು, ಯಜಮಾನರು ನಗುತ್ತಲೇ ಒಪ್ಪಿದರು. ನನ್ನ ಪಾಲಿನ ಹಣದಲ್ಲಿ ನಾನೂ ಮಗಳೂ ನೀರಿನ ಮೇಲೆ ನಡೆಯುವ ಸರ್ಕಸ್ ಪ್ರದರ್ಶನಕ್ಕೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು, ಒದ್ದೆಯಾಗಿ ಬಂದೆವು. ಆ ಟಿಕೆಟಿನ ದರ ಎಷ್ಟಿತ್ತು ಎನ್ನುವುದನ್ನು ಅವರು ಇಂದಿಗೂ ನೆಂಟರಿಷ್ಟರ ಮುಂದೆ ಎತ್ತಿ ಆಡುತ್ತಾರೆ. ಅದೇ ಸಂಜೆ ತಾವು ಬ್ಲ್ಯಾಕ್‌ಜಾಕ್ ಮೇಜಿನ ಮೇಲೆ ಬಿಟ್ಟು ಬಂದದ್ದು ಎಷ್ಟು ಎನ್ನುವುದು ಮಾತ್ರ ಒಪ್ಪಂದದ ಪ್ರಕಾರ ಯಾರೂ ಕೇಳುವಂತಿಲ್ಲವಂತೆ.